ಅಪ್ಪನ ಜೊತೆ ಕೆಪ್ಪ ಜೋಗಕ್ಕೆ

ಅಪ್ಪಂಗೆ ಕಿವಿ ಮಂದ ಆಗಿ ಆರು ವರ್ಷ ಆಯ್ತು. ಬಲಗಿವಿ ಹತ್ತಿರತ್ತಿರ ಪೂರ್ತಿ ಹೋಗಿದೆ, ಎಡಗಿವಿಗೆ ಮಷಿನ್ ಹಾಕ್ಕೊಂಡ್ರೆ ಎದುರಿಗೆ ಕೂತವರ ಮಾತು ಕೇಳುತ್ತೆ, ಪಕ್ಕದಲ್ಲಿ ಕೂತವರದ್ದು ಅರ್ಧ, ಹಿಂದೆ ಇರೋರ್ದು ಇಲ್ವೇ ಇಲ್ಲ. ಮನೇಲಿ ನಾವೆಲ್ಲ ಒಂದು ಸಲ ಹೇಳ್ತೀವಿ, ಅವರು "ಏನು?" ಅಂತಾರೆ, ಎರಡನೇ ಸಲ ಜೋರಾಗಿ ಹೇಳ್ತೀವಿ, ಮತ್ತೆ "ಏನು?", ಆಮೇಲೆ "ಏನಿಲ್ಲ ಬಿಡಿ" ಅಂದು ಸುಮ್ನಾಗ್ಬಿಡ್ತೀವಿ. ಇದು ಎಷ್ಟು ಅಭ್ಯಾಸ ಆಗೋಗಿದೆ ಅಂದ್ರೆ ನನ್ನ ಏಳು ವರ್ಷದ ಮಗಳೂ ತಾತಂಗೆ ಏನಿಲ್ಲ ಬಿಡಿ ಅಂತಾಳೆ.

ಬಾಯಿ ತಪ್ಪಿ ಯಾರಾದ್ರೂ "ಕೆಪ್ಪ" ಅಂದ್ರೆ ಅಮ್ಮ ಕಣ್ಣು ಕೆಕ್ಕರಿಸ್ತಾರೆ. ಅಂಥದ್ರಲ್ಲಿ ಒಂದಿನ ಬೆಳಗ್ಗೆ ಅಪ್ಪನೇ ಪೇಪರ್ ಮಡಚಿಟ್ಟು "ಲೋ, ಸಿದ್ದಾಪುರದ ಕಡೆ ಕೆಪ್ಪ ಜೋಗ ಅಂತ ಒಂದು ಫಾಲ್ಸ್ ಇದೆಯಂತೆ ಕಣೋ, ನಮ್ಮ ಕಡೆಯೋರ್ದೇ ಇರ್ಬೇಕು, ಹೋಗ್ಬರೋಣ್ವಾ?" ಅಂದ್ರು. ಅಮ್ಮ ಅಡುಗೆಮನೆಯಿಂದಲೇ "ಈ ವಯಸ್ಸಲ್ಲಿ ಮೆಟ್ಟಿಲು ಹತ್ತಿ ಇಳಿದು..." ಅಂತ ಶುರು ಮಾಡಿದ್ರು, ಅದು ಅಪ್ಪಂಗೆ ಕೇಳಿಸ್ಲಿಲ್ಲ. ಕೇಳಿಸ್ಲಿಲ್ವೋ, ಕೇಳಿಸ್ಕೊಳ್ಲಿಲ್ವೋ.

ಕೆಪ್ಪ ಜೋಗ ಅಂದ್ರೆ ಉಂಚಳ್ಳಿ ಜಲಪಾತ. ಉತ್ತರ ಕನ್ನಡದಲ್ಲಿ ಅಘನಾಶಿನಿ ಹೊಳೆ 116 ಮೀಟರ್ ಕೆಳಗೆ ಬೀಳೋ ಜಾಗ. ಹತ್ರ ಹೋದ್ರೆ ಸದ್ದಿಗೆ ಕಿವಿ ಕೆಪ್ಪಾಗುತ್ತೆ ಅನ್ನೋದಕ್ಕೆ ಊರವರು ಇಟ್ಟ ಹೆಸರು ಇದು. ಇಂಗ್ಲಿಷಲ್ಲಿ ಲೂಷಿಂಗ್ಟನ್ ಫಾಲ್ಸ್ ಅಂತಾನೂ ಬರೀತಾರೆ, 1845ರಲ್ಲಿ ಜೆ.ಡಿ. ಲೂಷಿಂಗ್ಟನ್ ಅನ್ನೋ ಕಲೆಕ್ಟರ್ "ಕಂಡುಹಿಡಿದ" ಅಂತ. ಆಗ ಕೆನರಾ ಜಿಲ್ಲೆ ಮದ್ರಾಸಿಗೆ ಸೇರಿತ್ತು, ಉತ್ತರ ಕನ್ನಡ ಬೊಂಬಾಯಿಗೆ ಹೋಗಿದ್ದು 1862ರಲ್ಲಿ. ಅಪ್ಪ ಹೈಸ್ಕೂಲಲ್ಲಿ ಇತಿಹಾಸ ಪಾಠ ಮಾಡಿದವರು, ಈ ಕಂಡುಹಿಡಿದ ಅನ್ನೋ ಮಾತಿಗೆ ಅವರಿಗೆ ಸಿಟ್ಟು. "ದಿನಾ ಅದರ ಸದ್ದಲ್ಲೇ ಮಲ್ಗಿ ಎದ್ದೋರು ಕಂಡುಹಿಡೀಲಿಲ್ವಂತೆ, ಕುದುರೆ ಮೇಲೆ ಬಂದೋನು ಕಂಡುಹಿಡಿದ್ನಂತೆ."

ದಸರಾ ರಜೆ ಮುಗಿದ ಮೇಲೆ ಹೊರಟ್ವಿ. ಬೇಕಂತಲೇ ಆ ಟೈಮ್ ಇಟ್ಕೊಂಡಿದ್ದು. ಜುಲೈ ಆಗಸ್ಟಲ್ಲಿ ಹೋದ್ರೆ ನೀರೇನೋ ಭರ್ತಿ, ಆದ್ರೆ ಎದುರಿಗೆ ನಿಂತ್ರೂ ಮಂಜು ಬಿಟ್ಟು ಏನೂ ಕಾಣ್ಸಲ್ಲ ಅಂತ ಹೋಗಿ ಬಂದವರೆಲ್ಲ ಹೇಳಿದ್ರು. ಜನವರಿ ಹೊತ್ತಿಗೆ ನೀರು ಸಣ್ಣ ಆಗುತ್ತೆ. ಅಕ್ಟೋಬರಲ್ಲಿ ನೀರೂ ಇರುತ್ತೆ, ಬಿಸಿಲೂ ಇರುತ್ತೆ. ರಕ್ತ ಹೀರೋ ಇಂಬಳಾನೂ ಇರುತ್ತೆ, ಅದನ್ನ ಯಾರೂ ಹೇಳಿರ್ಲಿಲ್ಲ.

ಮೊದಲನೇ ದಿನ

ಬೆಂಗಳೂರಿಂದ ತಾಳಗುಪ್ಪದ ರಾತ್ರಿ ರೈಲು. ಅಪ್ಪ ಬರ್ತ್ ಮೇಲೆ ಕೂತು ಮಷಿನ್ ತೆಗೆದು ಪುಟ್ಟ ಡಬ್ಬಿಗೆ ಹಾಕಿದ್ರು, ಡಬ್ಬಿ ಒಳಗೆ ತೇವ ಹೀರೋ ಸಣ್ಣ ಗುಳಿಗೆಗಳಿರೋ ಪ್ಯಾಕೆಟ್ ಇರುತ್ತೆ, ಡಬ್ಬಿ ತಲೆದಿಂಬಿನ ಕೆಳಗೆ. ಬೋಗಿ ಪೂರ್ತಿ ಗೊರಕೆ, ಮಗು ಅಳು, ಚಾಯ್ ಚಾಯ್, ನಾನು ಹೊರಳಾಡ್ತಾ ಇದ್ರೆ ಅವರು ಬೆಳಗ್ಗೆವರೆಗೂ ಮಗು ಥರ ಮಲಗಿದ್ರು. ಆ ವಿಷಯದಲ್ಲಿ ಹೊಟ್ಟೆಕಿಚ್ಚು ಆಗಿದ್ದು ನಿಜ.

ಸಾಗರ ಜಂಬಗಾರು ಸ್ಟೇಷನ್ ದಾಟಿದ ಮೇಲೆ ಎದ್ದು ಕಿಟಕಿ ಪಕ್ಕ ಕೂತು ಹಳೇ ಕಥೆ ತೆಗೆದ್ರು, ಮೀಟರ್ ಗೇಜ್ ಇದ್ದಾಗ ಈ ಲೈನಲ್ಲಿ ರೈಲ್ ಬಸ್ ಓಡ್ತಿತ್ತು, ನೋಡೋಕೆ ಬಸ್ಸು, ಓಡೋದು ಹಳಿ ಮೇಲೆ, ಅಂತ. ಏಳು ಗಂಟೆ ಸುಮಾರಿಗೆ ತಾಳಗುಪ್ಪ. ಅಲ್ಲಿಗೆ ಹಳಿ ಮುಗೀತು, ಮುಂದಕ್ಕೆ ರೈಲಿಲ್ಲ.

ನಾವು ಉಳ್ಕೊಳ್ಳೋ ಮನೆಯವರು ಒಂದು ಜೀಪ್ ಕಳ್ಸಿದ್ರು. ದಾರೀಲಿ ಜೋಗ ನೋಡ್ಕೊಂಡ್ವಿ. ಜೋಗದ ಬಗ್ಗೆ ಎಲ್ಲರೂ ಎಲ್ಲಾನೂ ಬರ್ದಾಗಿದೆ, ರಾಜ ರಾಣಿ ರೋರರ್ ರಾಕೆಟ್, 253 ಮೀಟರ್, ನಾನು ಹೊಸದಾಗಿ ಹೇಳೋದೇನಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿ ಎಷ್ಟು ಬೀಳ್ಬೇಕು ಅನ್ನೋದು ಮಳೆಗಿಂತ ಡ್ಯಾಮಿನ ಲೆಕ್ಕ. ನಾವು ಹೋದಾಗ ನಾಲ್ಕು ಎಳೆ ಸಣ್ಣಗೆ ಇಳೀತಿತ್ತು, ಅಪ್ಪ ಅರ್ಧ ಗಂಟೆ ನೋಡಿ "ಚೆನ್ನಾಗಿದೆ, ಸದ್ದಿಲ್ಲ" ಅಂದ್ರು. ನಂಗೆ ಸದ್ದು ಕೇಳ್ತಾ ಇತ್ತು. ಹೇಳ್ಲಿಲ್ಲ.

ನಿಜವಾಗ್ಲೂ ಆ ದಿನ ಮನಸ್ಸಲ್ಲಿ ಉಳಿದಿದ್ದು ಅದಾದ ಮೇಲೆ ನೋಡಿದ ಕತ್ತಲೆಕಾನು. ಜೋಗದಿಂದ ಹೊನ್ನಾವರದ ಕಡೆ ಹೋಗೋ ರಸ್ತೇಲಿ, ಮಲೆಮನೆ ಘಾಟಿ ಹತ್ರ ಬರುತ್ತೆ. ಈ ಕಡೆ ದಟ್ಟ ನಿತ್ಯಹರಿದ್ವರ್ಣ ಕಾಡಿಗೆ ಕಾನು ಅಂತಾರೆ, ಕತ್ತಲೆಕಾನು ಅಂದ್ರೆ ಹೆಸರೇ ಹೇಳುತ್ತೆ. ಜೀಪಿನವರು ಒಂದು ಮೋರಿ ಹತ್ರ ನಿಲ್ಸಿ "ಇಲ್ಲೇ ಅಂಚಲ್ಲಿ ನಿಂತು ನೋಡಿ, ಒಳಗೆ ಹೋಗೋದು ಬ್ಯಾಡ" ಅಂದ್ರು. ಬಗ್ಗಿ ನೋಡಿದ್ರೆ ಕರೀ ಕೆಸರು, ಮೇಲೆ ಎರಡು ಬೆರಳಷ್ಟು ತಿಳಿ ನೀರು ಸದ್ದಿಲ್ದೆ ಹರೀತಾ ಇದೆ, ಅದರೊಳಗಿಂದ ಬೇರುಗಳು ಮಂಡಿ ಮಡ್ಚಿ ಕೂತ ಹಾಗೆ ಎದ್ದು ಮತ್ತೆ ಕೆಸರೊಳಗೆ ಹೋಗಿವೆ. ಒಂದಲ್ಲ ಎರಡಲ್ಲ, ನೂರಾರು ಮಂಡಿ. ವರ್ಷವಿಡೀ ನೀರಲ್ಲಿ ನೆನೆಯೋ ಮಣ್ಣಲ್ಲಿ ಗಾಳಿ ಇರಲ್ಲ, ಅದಕ್ಕೆ ಬೇರೇ ಮೇಲೆ ಬಂದು ಉಸಿರಾಡ್ಕೊಂಡು ಹೋಗುತ್ತೆ. ಇದಕ್ಕೆ ರಾಂಪತ್ರೆ ಜಡ್ಡಿ ಅಂತಾರೆ. ರಾಂಪತ್ರೆ ಅಂದ್ರೆ ನಮ್ಮ ಮನೇಲಿ ಮಸಾಲೆ ಪುಡಿಗೆ ಹಾಕೋ ಅದೇ ಕೆಂಪು ನಾರು, ಜಾಕಾಯಿಯ ಕಾಡು ಬಂಧು, ಅದರ ಮರದ ಬುಡ ಹಿಂಗಿರುತ್ತೆ ಅಂತ ನಲವತ್ತು ವರ್ಷ ಬಿಸಿಬೇಳೆ ಬಾತ್ ತಿಂದ ನಂಗೆ ಗೊತ್ತಿರ್ಲಿಲ್ಲ.

2000ನೇ ಇಸವೀಲಿ, ಅಂದ್ರೆ ಮೊನ್ನೆ ಮೊನ್ನೆ, ಇದೇ ಜಡ್ಡೀಲಿ ಗೇರು ಕುಟುಂಬದ ಒಂದು ದೊಡ್ಡ ಮರವನ್ನ ವಿಜ್ಞಾನಿಗಳು ಹೊಸ ಪ್ರಭೇದ ಅಂತ ಗುರುತಿಸಿದ್ರು, ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಅಂತ ಊರ ಹೆಸರೇ ಇಟ್ರು. ಹೆದ್ದಾರಿ ಪಕ್ಕ, ಲಾರಿ ಹಾರ್ನ್ ಕೇಳೋ ದೂರದಲ್ಲಿ ಅಷ್ಟು ಎತ್ತರದ ಮರ ಅಷ್ಟು ವರ್ಷ ಯಾರ ಪುಸ್ತಕಕ್ಕೂ ಸಿಗದೆ ನಿಂತಿತ್ತು. ಅಪ್ಪಂಗೆ ಇದನ್ನ ಮೋರಿ ಕಟ್ಟೆ ಮೇಲೆ ಕೂರ್ಸಿ ಎದುರಿಗೆ ನಿಂತು ಹೇಳ್ದೆ. ಅವರು ತಲೆ ಆಡ್ಸಿ "ಇಲ್ಲಿಗೆ ಲೂಷಿಂಗ್ಟನ್ ಬಂದಿರ್ಲಿಲ್ಲ ಅನ್ಸುತ್ತೆ" ಅಂದ್ರು.

ಸಿದ್ದಾಪುರ ದಾಟಿ ಹೆಗ್ಗರಣೆ ಕಡೆಯ ಮನೆ ತಲುಪೋವಾಗ ಸಂಜೆ. ಅಡಿಕೆ ತೋಟದ ತಲೆ ಮೇಲೆ ಮನೆ, ಮುಂದೆ ಅಂಗಳ. ಯಜಮಾನ್ರು ಕೈಕಾಲಿಗೆ ನೀರು ಕೊಟ್ಟು ಅಪ್ಪನ ಹತ್ರ ಬಂದು "ಮಾಸ್ತರ್ರೇ, ಆಸ್ರಿಗೆ ಎಂತ ಆಗ್ಲಿ?" ಅಂದ್ರು. ಅಪ್ಪ ಕೋಲು ತೋರಿಸಿ "ಆಸರೆ ಎಲ್ಲ ಏನೂ ಬೇಡ, ಕೋಲಿದೆ, ನಡೀತೀನಿ" ಅಂದ್ರು. ಆಸ್ರಿಗೆ ಅಂದ್ರೆ ಹವ್ಯಕರಲ್ಲಿ ಬಾಯಾರಿಕೆಗೆ ಕುಡಿಯೋಕೆ ಏನು ಕೊಡ್ಲಿ ಅಂತ. ಯಜಮಾನ್ರು ಒಂದು ಕ್ಷಣ ನನ್ನ ಮುಖ ನೋಡಿ, ಅರ್ಥ ಮಾಡ್ಕೊಂಡು, "ಅಡ್ಡಿಲ್ಲ ಅಡ್ಡಿಲ್ಲ" ಅಂತ ನಗ್ತಾ ಒಳಗೆ ಹೋಗಿ ಮುರುಗಲು ಶರಬತ್ತು ತಂದು ಕೈಗೇ ಕೊಟ್ರು. ಕೊನೇವರೆಗೂ ಅವರು ಅಪ್ಪನ ಹತ್ರ ಮಾತಾಡುವಾಗ ಎದುರಿಗೆ ಬಂದು ನಿಂತೇ ಮಾತಾಡಿದ್ರು. ನಾನು ಹೇಳಿಕೊಟ್ಟಿರ್ಲಿಲ್ಲ.

ಎರಡನೇ ದಿನ

ಬೆಳಗ್ಗೆ ಪೂರ್ತಿ ತೋಟ. ಕೊಳೆರೋಗ ಬರದ ಹಾಗೆ ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ಹೊಡೆಯೋದು, ಮೈಲುತುತ್ತ ಸುಣ್ಣ ಎಷ್ಟೆಷ್ಟು, ಕೊನೆಗೌಡರು ಈಗ ಸಿಗೋದು ಎಷ್ಟು ಕಷ್ಟ, ಅದೆಲ್ಲ ಅಪ್ಪಂಗೂ ಯಜಮಾನ್ರಿಗೂ ಮುಗಿಯದ ಮಾತು. ಮರ ಹತ್ತಿ, ಅಲ್ಲಿಂದಲೇ ಪಕ್ಕದ ಮರಕ್ಕೆ ಜೀಕಿ ದಾಟಿ ಗೊನೆ ಇಳಿಸೋರು ಕೊನೆಗೌಡರು, ಹೊಸ ಹುಡುಗರು ಈ ಕೆಲಸಕ್ಕೆ ಬರ್ತಿಲ್ಲ. ತೋಟದ ಮೇಲಿನ ಗುಡ್ಡಕ್ಕೆ ಬೆಟ್ಟ ಅಂತಾರೆ, ಸೊಪ್ಪಿನ ಬೆಟ್ಟ. ಬ್ರಿಟಿಷರ ಕಾಲದಿಂದ ಒಂದು ಎಕರೆ ತೋಟಕ್ಕೆ 9 ಎಕರೆವರೆಗೂ ಬೆಟ್ಟ ಬಿಟ್ಟಿದಾರೆ, ಸೊಪ್ಪು, ದರಕು ಅಂದ್ರೆ ಒಣಗಿದ ಎಲೆ ತಂದು ತೋಟಕ್ಕೆ ಹಾಕ್ಕೊಳ್ಳೋಕೆ. ಜಾಗ ಸರ್ಕಾರದ್ದು, ಸೊಪ್ಪು ಇವರದ್ದು. ಹಂಗಾಗಿ ಇಲ್ಲಿ ಮನೆ ಎಲ್ಲಿ ಮುಗಿಯುತ್ತೆ ಕಾಡು ಎಲ್ಲಿ ಶುರುವಾಗುತ್ತೆ ಅಂತ ಗೆರೆ ಹಾಕೋಕಾಗಲ್ಲ.

ಊಟಕ್ಕೆ ಒಂದೆಲಗದ ತಂಬುಳಿ, ಅಪ್ಪೆಹುಳಿ, ಹಲಸಿನ ಹಪ್ಪಳ. ಅಪ್ಪೆಹುಳಿ ಅಂದ್ರೆ ಮಾವಿನಮಿಡಿ ಹಿಂಡಿದ ತೆಳ್ಳನೆ ಸಾರು, ಅನ್ನಕ್ಕೂ ಸರಿ ಲೋಟಕ್ಕೂ ಸರಿ. ಅಪ್ಪೆಮಿಡಿ ಹೊಳೆ ದಂಡೆಯ ಕಾಡುಮಾವು, ಕೆಲವು ಮರದ ಮಿಡಿಗೆ ಜೀರಿಗೆ ವಾಸನೆ, ಕೆಲವಕ್ಕೆ ಕರ್ಪೂರದ ವಾಸನೆ. ನಾನು ಎರಡು ಲೋಟ ಕುಡಿದು ಹಜಾರದಲ್ಲಿ ಹಾಗೇ ಬಿದ್ಕೊಂಡೆ, ಎದ್ದಾಗ ಮೂರೂವರೆ, ಅಪ್ಪ ಶೂ ಹಾಕ್ಕೊಂಡು ರೆಡಿ ಆಗಿ ಕೂತಿದ್ರು. ಯಜಮಾನ್ರ ತಾಯಿ, ಎಂಬತ್ತು ದಾಟಿರ್ಬೇಕು, ಒಂದು ಹಳೇ ಬಟ್ಟೆ ತುಂಡಲ್ಲಿ ಉಪ್ಪು ಕಟ್ಟಿ ತಂದು ಅಪ್ಪನ ಕೈಲಿಟ್ರು. "ಉಂಬ್ಳ ಕಚ್ಚಿದ್ರೆ ಎಳೀಬ್ಯಾಡಿ, ಇದನ್ನ ಒತ್ತಿ." ಇಂಬಳಕ್ಕೆ ಇವರು ಉಂಬ್ಳ ಅಂತಾರೆ.

ಜೀಪು ಬಿಟ್ಟಾಗ ನಾಲ್ಕೂ ಮುಕ್ಕಾಲು. ಕತ್ತಲಾಗೋದ್ರೊಳಗೆ ಮೇಲೆ ಬನ್ನಿ ಅಂತ ಹೇಳಿ ಕಳ್ಸಿದ್ರು, ನಾನು ಆರಕ್ಕೆಲ್ಲ ವಾಪಸ್ ಅಂದೆ, ಅದು ಸುಳ್ಳು ಅಂತ ನಂಗೂ ಗೊತ್ತಿತ್ತು. ಸೂರ್ಯ ಮುಳುಗೋದೇ ಆರು ಕಾಲರ ಹೊತ್ತಿಗೆ.

ಕಾಡೊಳಗೆ ಕಾಲಿಟ್ಟ ತಕ್ಷಣ ಹೊರಗಿನ ಟೈಮು ಕೆಲಸಕ್ಕೆ ಬರಲ್ಲ. ಹೊರಗೆ ಬಿಸಿಲು ಹೊಡೀತಾ ಇತ್ತು, ಒಳಗೆ ಸಂಜೆ ದೀಪ ಹಚ್ಚೋ ಹೊತ್ತಿನ ಹಾಗೆ. ಮೇಲೆ ಎತ್ತರದ ಮರಗಳ ತಲೆ ಒಂದಕ್ಕೊಂದು ಹೊಲಿದ ಹಾಗೆ ಸೇರಿರುತ್ತೆ, ಅದರ ಕೆಳಗೆ ಇನ್ನೊಂದು ಅಂತಸ್ತಿನ ಮರ, ಅದರ ಕೆಳಗೆ ಬೆತ್ತ, ವಾಟೆ, ಬಳ್ಳಿ, ನೆಲದ ಹತ್ರ ಬರೋ ಹೊತ್ತಿಗೆ ಬೆಳಕು ಚಿಲ್ಲರೆ ಆಗೋಗಿರುತ್ತೆ, ಅಲ್ಲೊಂದು ನಾಣ್ಯ ಇಲ್ಲೊಂದು ನಾಣ್ಯ ಬಿದ್ದ ಹಾಗೆ. ವಾಸನೆ ಒಂದಿದೆ, ಕೊಳೆತ ಎಲೆ, ಹಸೀ ಮಣ್ಣು, ಎಲ್ಲೋ ಹಣ್ಣಾಗಿ ಬಿದ್ದ ಉಪ್ಪಾಗೆಯ ಹುಳಿ. ದಾರಿ ಕಲ್ಲು ಸಿಮೆಂಟಿನದ್ದೇ, ಆದ್ರೆ ಪಾಚಿ ಹಿಡಿದು ಎಣ್ಣೆ ಸುರಿದ ಹಾಗಿತ್ತು. ಅಪ್ಪ ಮೆಟ್ಟಿಲು ಎಣಿಸ್ಕೊಂಡು ಇಳೀತಾ ಇದ್ರು, ನಾನು ಮಧ್ಯೆ "ನಿಧಾನ" ಅಂತ ಭುಜ ಮುಟ್ಟಿದೆ, ಲೆಕ್ಕ ತಪ್ಪೋಯ್ತು, ಬೈಸ್ಕೊಂಡೆ.

ಮೊದಲನೇ ಇಂಬಳ ನನ್ನ ಪ್ಯಾಂಟಿನ ಅಂಚಲ್ಲಿ. ನೂಲಿನಷ್ಟು ತೆಳ್ಳಗೆ ನಿಂತ್ಕೊಂಡು ಗಾಳಿಯಲ್ಲಿ ಮೂತಿ ಆಡಿಸ್ತಾ ಹುಡುಕ್ತಾ ಇತ್ತು, ಗೇಣು ಹಾಕೋ ಹಾಗೆ ಒಂದು ಕೊನೆ ಊರಿ ಇನ್ನೊಂದನ್ನ ಎಳ್ಕೊಂಡು ಬರುತ್ತೆ, ನೋಡ್ತಾ ನಿಂತ್ರೆ ಚೆಂದಾನೇ. ಆದ್ರೆ ನೋಡ್ತಾ ನಿಂತ ಹೊತ್ತಲ್ಲಿ ಇನ್ನೆರಡು ಸಾಕ್ಸ್ ಒಳಗೆ ಹೋಗಿದ್ವು. ಕಚ್ಚಿದ್ದು ಗೊತ್ತೇ ಆಗಲ್ಲ, ರಕ್ತ ಹೆಪ್ಪುಗಟ್ಟದ ಹಾಗೆ ಅದೇನೋ ಬಿಡುತ್ತಂತೆ, ಕಿತ್ತ ಮೇಲೂ ಒಂದು ಗಂಟೆ ಸುರೀತಾ ಇರುತ್ತೆ. ಅಜ್ಜಿಯ ಉಪ್ಪಿನ ಗಂಟು ಒತ್ತಿದ್ರೆ ಸುರುಟಿಕೊಂಡು ಬಿತ್ತು. ಅಪ್ಪಂಗೆ ಒಂದೂ ಹತ್ತಿರ್ಲಿಲ್ಲ, "ನಂದು ಹಳೇ ರಕ್ತ, ಬೇಡಂತೆ" ಅಂದ್ರು.

ಒಂದು ತಿರುವಲ್ಲಿ ನಂಗೆ ಸದ್ದು ಕೇಳೋಕೆ ಶುರು ಆಯ್ತು. ದೂರದಲ್ಲಿ ಲಾರಿ ಏರು ಹತ್ತೋ ಹಾಗೆ, ಒಂದೇ ಸಮ. ಅಪ್ಪ ನನ್ನ ಮುಖ ನೋಡಿದ್ರು. "ಬಂತಾ?"

"ಕೇಳ್ತಿದೆ."

"ನಂಗಿನ್ನೂ ಇಲ್ಲ."

ಮುಂದೆ ಹೋಗ್ತಾ ಹೋಗ್ತಾ ನಾನು ಸದ್ದಿನ ಹಿಂದೆ ಬಿದ್ದಿದ್ದೆ, ಯಾವ ಕಡೆಯಿಂದ ಬರ್ತಿದೆ, ಎಷ್ಟು ದೂರ ಅಂತ. ಅಪ್ಪ ಇದ್ದಕ್ಕಿದ್ದಂಗೆ ತೋಳು ಹಿಡ್ಕೊಂಡು ಕೋಲು ಮೇಲೆತ್ತಿದ್ರು. ಎತ್ತರದಲ್ಲಿ ಒಂದು ಕೊಂಬೆ ಬಾಗಿ ಮೇಲಕ್ಕೆ ಚಿಮ್ತು, ಕರೀ ಬೆನ್ನೊಂದು ಎಲೆ ಹಿಂದೆ ಹೋಯ್ತು, ಬಾಲ ಮಾತ್ರ ಒಂದು ಕ್ಷಣ ನೇತಾಡ್ತಾ ಕಾಣ್ತು. "ಸಿಂಗಳೀಕ ಕಣೋ" ಅಂದ್ರು. ಸಿಂಗಳೀಕ ಪಶ್ಚಿಮ ಘಟ್ಟದ ಮಳೆಕಾಡಲ್ಲಿ ಬಿಟ್ರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ, ಅದರಲ್ಲೂ ಉತ್ತರಕ್ಕೆ ಅದರ ಕೊನೇ ನೆಲೆ ಈ ಶಿರಸಿ ಹೊನ್ನಾವರದ ಕಾಡುಗಳೇ, ಅದಕ್ಕೇ 2011ರಲ್ಲಿ ಈ ಕಣಿವೆಯನ್ನ ಅದರ ಹೆಸರಲ್ಲೇ ಸಂರಕ್ಷಿತ ಮೀಸಲು ಅಂತ ಮಾಡಿದ್ದು. ನೆಲಕ್ಕೆ ಇಳಿಯೋದೇ ಕಮ್ಮಿ, ಮರದಿಂದ ಮರಕ್ಕೆ ದಾರಿ ಇದ್ರೆ ಮಾತ್ರ ಬದುಕೋ ಪ್ರಾಣಿ. ರಾತ್ರಿ ಯಜಮಾನ್ರಿಗೆ ಹೇಳಿದ್ರೆ "ಮುಖದ ಸುತ್ತ ಬಿಳೀ ಜೂಲು ಕಂಡ್ತಾ? ಬಾಲದ ತುದೀಲಿ ಕುಚ್ಚಿತ್ತಾ?" ಅಂತ ಕೇಳಿದ್ರು. ಜೂಲು ಕಂಡಿರ್ಲಿಲ್ಲ. "ಮುಸ್ಯಾನೂ ಇರ್ಬಹುದು" ಅಂದ್ರು. ಅಪ್ಪ ಒಪ್ಪಲಿಲ್ಲ, ಕುಚ್ಚಿತ್ತು ಅಂತಾರೆ. ನಾನು ಬಾಲ ನೋಡ್ದೆ, ಕುಚ್ಚು ನೋಡ್ಲಿಲ್ಲ, ಆ ಹೊತ್ತಿಗೆ ಸಾಕ್ಸ್ ಕಡೆ ಗಮನ ಹೋಗಿತ್ತು.

ಇನ್ನೂ ಮೂರ್ನಾಕು ತಿರುವು ಇಳಿದ ಮೇಲೆ ಅಪ್ಪ ನಿಂತ್ರು. ಎದೆ ಮೇಲೆ ಅಂಗೈ ಇಟ್ಕೊಂಡ್ರು. ನಂಗೆ ಗಾಬರಿ ಆಯ್ತು, ಎಪ್ಪತ್ತೊಂದು ವರ್ಷ, ಅಷ್ಟು ಮೆಟ್ಟಿಲು, ನೀರಿನ ಬಾಟಲಿ ತೆಗೀತಾ ಇದ್ದೆ. ಅವರು "ಬಂತು" ಅಂದ್ರು. "ಇಲ್ಲಿ ಬಂತು, ನಗಾರಿ ಹೊಡ್ದಂಗೆ."

ಆಮೇಲೆ ಮರ ತೆರ್ಕೊಳ್ತು, ಕಂಬಿ ಕಟ್ಟೆ ಬಂತು, ಎದುರಿಗೆ ಕೆಪ್ಪ ಜೋಗ.

ಉಂಚಳ್ಳಿ ಶರಾವತಿ ಥರ ಒಂದೇ ಏಟಿಗೆ ಹಾರೋದಲ್ಲ. ಮೇಲೆ ಕಾಡಿನ ಮಧ್ಯದಿಂದ ಹೊಳೆ ಸುಮ್ನೆ ಬರುತ್ತೆ, ಅಂಚಿಗೆ ಬಂದ ಮೇಲೆ ಬಂಡೆಗೆ ಬಡ್ಕೊಂಡು ಬಡ್ಕೊಂಡು, ಬಿಡಿಸಿಟ್ಟ ಹತ್ತಿ ಹಾಗೆ ಅಗಲ ಆಗ್ತಾ, ಆಳದ ಕಮರಿಗೆ ಇಳಿಯುತ್ತೆ. ಕೆಳಗೆ ಎಲ್ಲಿಗೆ ಬಿತ್ತು ಅಂತ ಕಾಣ್ಸಲ್ಲ, ಅಲ್ಲಿಂದ ಬರೀ ಹೊಗೆ ಏಳ್ತಾ ಇರುತ್ತೆ. ಆ ಕಮರಿಯಿಂದ ಕಣಿವೆ ಪಡುವಣಕ್ಕೆ ಹೋಗುತ್ತೆ, ಗುಡ್ಡದ ಹಿಂದೆ ಗುಡ್ಡ, ಒಂದಕ್ಕಿಂತ ಒಂದು ನೀಲಿ ಆಗ್ತಾ. ಈ ನೀರು ಇಲ್ಲಿಂದ ಕುಮಟಾ ಹತ್ರ ಸಮುದ್ರ ಸೇರೋವರೆಗೂ ಯಾವ ಅಣೆಕಟ್ಟಿಗೂ ಸಿಗಲ್ಲ, ಅಘನಾಶಿನಿಗೆ ಹುಟ್ಟಿದಲ್ಲಿಂದ ಕೊನೇವರೆಗೆ ಒಂದೂ ಡ್ಯಾಮ್ ಇಲ್ಲ. ನಿನ್ನೆ ಜೋಗ ನೋಡಿ ಬಂದವರಿಗೆ ಇದರ ವ್ಯತ್ಯಾಸ ಹೇಳಿಕೊಡಬೇಕಾಗಿಲ್ಲ. ಇಲ್ಲಿ ಮಳೆ ಬಿದ್ದಷ್ಟು ನೀರು, ಅಷ್ಟೇ.

ಸೂರ್ಯಾಸ್ತದ ಬಗ್ಗೆ ನಾನು ತಪ್ಪು ತಿಳ್ಕೊಂಡಿದ್ದೆ. ಜಲಪಾತ ಪೂರ್ತಿ ಕೆಂಪಾಗುತ್ತೆ, ಫೋಟೋ ಹೊಡ್ಕೋಬಹುದು ಅಂತ. ಹಾಗಾಗಲ್ಲ. ಐದೂ ಮುಕ್ಕಾಲಿಗೇ ಕಮರಿಯ ಕೆಳಗೆಲ್ಲ ನೆರಳು, ನೀರು ಕೆಳಗಡೆ ಬೂದಿ ಬಣ್ಣ. ಮೇಲಿನ ಅಂಚು ಮಾತ್ರ ಇನ್ನೂ ಹಳದಿ. ನೆರಳು ನೀರಿನ ಮೇಲೆ ಹತ್ತುತ್ತೆ, ಹುಲ್ಲಿನ ಗೊಣಬೆ ಮೇಲೆ ಬೆಕ್ಕು ಹತ್ತೋ ಹಾಗೆ ನಿಧಾನಕ್ಕೆ, ನೋಡ್ತಾ ಇದ್ರೆ ಗೊತ್ತಾಗಲ್ಲ, ಒಂದು ಸಲ ಕಣ್ಣು ಬೇರೆ ಕಡೆ ಹೋಗಿ ಬಂದ್ರೆ ಎರಡಾಳು ಮೇಲೆ ಹೋಗಿರುತ್ತೆ. ಆದ್ರೆ ಆ ಹೊಗೆ ಇದೆಯಲ್ಲ, ತುಂತುರು, ಅದು ಕೆಳಗಿನ ಕತ್ತಲಿಂದ ಬೂದಿ ಬಣ್ಣದಲ್ಲೇ ಎದ್ದು ಬಂದು, ನೆರಳಿನ ಗೆರೆ ದಾಟಿದ ತಕ್ಷಣ ಕೇಸರಿ ಆಗುತ್ತೆ. ಮತ್ತೆ ಗಾಳಿಗೆ ಚದುರಿ ಇಲ್ಲವಾಗುತ್ತೆ. ಮತ್ತೆ ಇನ್ನೊಂದು ಅಲೆ ಏಳುತ್ತೆ. ಇಪ್ಪತ್ತು ನಿಮಿಷ ಬರೀ ಇದನ್ನೇ ನೋಡಿದ್ದೀನಿ. ಫೋಟೋದಲ್ಲಿ ಒಂದೂ ಬಂದಿಲ್ಲ.

ಸದ್ದಿನ ವಿಷಯ. ಅಕ್ಟೋಬರಿನ ನೀರು, ಜುಲೈದಲ್ಲ, ಹಂಗಾಗಿ ನಿಜವಾಗಿ ಕೆಪ್ಪಾಗೋಷ್ಟು ಇತ್ತು ಅಂದ್ರೆ ಸುಳ್ಳಾಗುತ್ತೆ. ಆದ್ರೆ ಮಾತಾಡೋಕಂತೂ ಆಗ್ತಿರ್ಲಿಲ್ಲ. ಕಂಬಿ ಹತ್ರ ಹುಬ್ಬಳ್ಳಿ ಕಡೆಯ ನಾಲ್ಕು ಹುಡುಗರು ಇದ್ರು, ಒಬ್ಬ ಇನ್ನೊಬ್ಬಂಗೆ ಏನೋ ಕೂಗ್ತಾನೆ, ಅವನು ಕಿವಿಗೆ ಕೈ ಇಟ್ಟು "ಏನಂದಿ?" ಅಂತಾನೆ, ಮೊದಲನೆಯವನು ಮತ್ತೆ ಕೂಗ್ತಾನೆ, "ಕೇಳಸವಲ್ದಲೇ!" ಅಂತ ಇವನು ಇನ್ನೂ ಜೋರಾಗಿ. ಅಪ್ಪ ಜಲಪಾತ ಬಿಟ್ಟು ಅವರನ್ನೇ ನೋಡ್ತಾ ಇದ್ರು. ಮುಖದಲ್ಲಿ ಒಂಥರಾ ಖುಷಿ, ಮದುವೆ ಮನೇಲಿ ಗುರುತಿನವರು ಸಿಕ್ಕಿದ ಹಾಗೆ.

ತುಂತುರು ಬೀಳ್ತಿದೆ ಅಂತ ಅವರು ಮಷಿನ್ ತೆಗೆದು ಒರೆಸಿ ಡಬ್ಬಿಗೆ ಹಾಕಿದ್ರು. ಇಷ್ಟು ಸದ್ದಲ್ಲಿ ಅದು ಹೇಗಿದ್ರೂ ಕುಂಯ್ ಅನ್ನುತ್ತೆ ಅಷ್ಟೇ. ಆಮೇಲೆ ನನ್ನ ಕಡೆ ತಿರುಗಿ, ಕಣಿವೆ ಕಡೆ ಕೈ ತೋರಿಸಿ, ಮಾಮೂಲಿ ದನಿಯಲ್ಲಿ ಏನೋ ಹೇಳಿದ್ರು. ತುಟಿ ಆಡಿದ್ದು ಕಾಣ್ತು. ಒಂದು ಮಾತಲ್ಲ, ನಾಲ್ಕೈದು ವಾಕ್ಯ.

"ಏನು?" ಅಂದೆ.

ಮತ್ತೆ ಹೇಳಿದ್ರು.

"ಏನಪ್ಪ? ಕೇಳ್ತಿಲ್ಲ!"

ಅವರು ನನ್ನನ್ನ ನೋಡಿದ್ರು. ಆಮೇಲೆ ಕೈ ಹೀಗೆ ಬೀಸಿ, ನಾವು ಬೀಸ್ತೀವಲ್ಲ ಹಾಗೇ, ಬಾಯಿ ಬಿಡಿಸಿ ಬಿಡಿಸಿ ಹೇಳಿದ್ರು. ಅದು ಮಾತ್ರ ಒಂದಕ್ಷರ ತಪ್ಪದೆ ಗೊತ್ತಾಯ್ತು. ಏನಿಲ್ಲ ಬಿಡು.

ಹೇಳಿ ನಗೋಕೆ ಶುರು ಮಾಡಿದ್ರು, ಕಂಬಿ ಹಿಡ್ಕೊಂಡು ಬಗ್ಗಿ ಬಗ್ಗಿ ನಕ್ರು, ಕಣ್ಣಲ್ಲಿ ನೀರು ಬರೋಷ್ಟು, ಹುಬ್ಬಳ್ಳಿ ಹುಡುಗರೂ ಏನು ಅಂತ ಗೊತ್ತಿಲ್ದೇನೇ ನಕ್ರು. ನಾನೂ ನಕ್ಕೆ, ಪೂರ್ತಿ ನಗೋಕಾಗ್ಲಿಲ್ಲ.

ಸೂರ್ಯ ಕೊನೇ ಗುಡ್ಡದ ಹಿಂದೆ ಹೋಗೋವಾಗ ಯಾರೂ ಕೂಗಲಿಲ್ಲ. ಮೇಲಿನ ಅಂಚಿನ ಹಳದಿ ಹೋಯ್ತು, ನೀರು ಮಾತ್ರ ತನ್ನದೇ ಒಂದು ಬಿಳುಪಲ್ಲಿ ಸುಮಾರು ಹೊತ್ತು ಕಾಣ್ತಾ ಇತ್ತು.

ಹತ್ತೋದು ಕಷ್ಟ ಆಯ್ತು. ಕಾಡೊಳಗೆ ಕತ್ತಲು ಮೊದಲೇ ಬಂದು ಕೂತಿತ್ತು, ಒಂದು ಟಾರ್ಚು, ಒಂದು ಮೊಬೈಲು. ಪ್ರತಿ ಹದಿನೈದು ಮೆಟ್ಟಿಲಿಗೆ ಅಪ್ಪ ಕೂತ್ಕೋತಾರೆ, ಕೂತಲ್ಲಿ ಇಂಬಳ ಅಂತ ನಾನು ಎಬ್ಬಿಸ್ತೀನಿ. ನಾಲ್ಕೂ ಕಡೆಯಿಂದ ಹುಳುಗಳ ಜಿರ್ ಅನ್ನೋ ಸದ್ದು, ಎಲ್ಲೋ ಕಪ್ಪೆ, ಎಲೆ ಮೇಲೆ ಏನೋ ಓಡಿದ್ದು. ಪ್ರತಿ ಸದ್ದಿಗೂ ನನ್ನ ಟಾರ್ಚ್ ಆ ಕಡೆ ಹೋಗ್ತಿತ್ತು. ಅಪ್ಪ ಏನೂ ಇಲ್ಲದ ಹಾಗೆ ಮುಂದಿನ ಮೆಟ್ಟಿಲು ನೋಡ್ಕೊಂಡು ಬರ್ತಿದ್ರು. ಆರೂ ಮುಕ್ಕಾಲಿಗೆ ಮೇಲೆ ಬಂದ್ವಿ, ಜೀಪಿನವರು ಟಾರ್ಚ್ ಹಿಡ್ಕೊಂಡು ಅರ್ಧ ದಾರಿಗೆ ಇಳಿದು ಬಂದಿದ್ರು, ಮುಖ ಸಿಂಡರಿಸಿತ್ತು. ತಪ್ಪು ನಂದೇ. ಕಾಡುಕೋಣ ಓಡಾಡೋ ಜಾಗ, ವಯಸ್ಸಾದವರನ್ನ ಕರ್ಕೊಂಡು ಹೋಗಿ ಹಾಗೆ ಹೊತ್ತು ಮಾಡಬಾರದಿತ್ತು. ನೀವು ಹೋದ್ರೆ ಆರಕ್ಕೇ ಎದ್ದು ಹೊರಡಿ, ಕೊನೇ ಐದು ನಿಮಿಷ ಮೇಲಿನ ತಿರುವಿಂದಲೂ ಕಾಣುತ್ತೆ.

ರಾತ್ರಿ ಬಚ್ಚಲಲ್ಲಿ ಸಾಕ್ಸ್ ತೆಗೆದಾಗ ನಂಗೆ ಏಳು ಕಡಿತ. ಅಪ್ಪಂಗೆ ಒಂದು, ಹೊಕ್ಕುಳ ಪಕ್ಕ, ಅಲ್ಲಿಗೆ ಹೇಗೆ ಹೋಯ್ತೋ ದೇವರೇ ಬಲ್ಲ.

ಮೂರನೇ ದಿನ

ಇದರಲ್ಲಿ ಹೇಳೋಂಥದ್ದು ಜಾಸ್ತಿ ಇಲ್ಲ. ಬೆಳಗ್ಗೆ ಕಾಫಿ ಕುಡಿಯುವಾಗ ಮಷಿನ್ ಟುಂಯ್ ಟುಂಯ್ ಅಂದು ಸತ್ತೋಯ್ತು. ಅದರ ಬ್ಯಾಟರಿ ಸುಲಿದ ಹುಣಸೆ ಬೀಜದಷ್ಟಿರುತ್ತೆ, ಹಿಂದಿನ ಸ್ಟಿಕ್ಕರ್ ಕಿತ್ತ ತಕ್ಷಣ ಗಾಳಿ ಒಳಗೆ ಹೋಗಿ ಕೆಲಸ ಶುರು ಮಾಡುತ್ತೆ, ಒಂದು ವಾರದ ಆಯಸ್ಸು. ಹೊಸ ಪ್ಯಾಕೆಟ್ ತಂದಿದ್ದೆ. ಬೆಂಗಳೂರಿನ ಮನೇಲಿ ಫ್ರಿಜ್ ಮೇಲೆ ಇಟ್ಟು ಬಂದಿದ್ದೆ.

ಶಿರಸಿಗೆ ಬಸ್ಸು. ಮೂರು ಮೆಡಿಕಲ್ ಶಾಪಲ್ಲಿ ಕೇಳಿದೆ, ಆ ಸೈಜ್ ಇರ್ಲಿಲ್ಲ. ಮಾರಿಕಾಂಬೆಗೆ ಕೈಮುಗಿದ್ವಿ, ಕೆಂಪು ಮುಖ, ದೊಡ್ಡ ಕಣ್ಣು, ಅಪ್ಪ ಅಲ್ಲೂ ಸುಮಾರು ಹೊತ್ತು ನಿಂತ್ರು. ಹೋಟೆಲಲ್ಲಿ ಊಟ. ರಾತ್ರಿ ಬಸ್ಸಿಗೆ ಇನ್ನೂ ನಾಲ್ಕು ಗಂಟೆ ಇತ್ತು.

ನಿನ್ನೆ ಅಲ್ಲಿ ಏನು ಹೇಳಿದ್ರಿ ಅಂತ ಕೇಳ್ಬೇಕು ಅಂತ ಬೆಳಗ್ಗೆಯಿಂದ ಅಂದ್ಕೊಂಡಿದ್ದೆ. ಬಸ್ ಸ್ಟ್ಯಾಂಡ್ ಕಟ್ಟೆ ಮೇಲೆ ಕೂತಾಗ ಎದುರಿಗೆ ನಿಂತು, ಬಿಡಿಸಿ ಬಿಡಿಸಿ ಕೇಳಿದೆ. ಅವರು ಸ್ವಲ್ಪ ಯೋಚ್ನೆ ಮಾಡಿ "ಯಾವುದು? ಮರ್ತೋಯ್ತು" ಅಂದ್ರು. ಮರೆತಿರಲ್ಲ.

ಅಷ್ಟರಲ್ಲಿ ಅಮ್ಮನ ಫೋನು. ಸ್ಪೀಕರ್ ಹಾಕಿದೆ. "ಅವರಿಗೆ ಸುಸ್ತಾಗಿಲ್ಲ ತಾನೇ? ಬರ್ತಾ ತೊಡದೇವು ತನ್ನಿ, ಮುರೀದ ಹಾಗೆ ಕೈಲಿ ಹಿಡ್ಕೊಂಡು ಬನ್ನಿ" ಅಂದ್ರು. ತೊಡದೇವು ಅಂದ್ರೆ ಕಬ್ಬಿನಹಾಲು ಅಕ್ಕಿ ಹಿಟ್ಟು ಕಲ್ಸಿ, ಬೋರಲು ಹಾಕಿದ ಮಡಕೆ ಬೆನ್ನಿನ ಮೇಲೆ ಎರೆದು ಮಾಡೋದು, ಕಾಗದಕ್ಕಿಂತ ತೆಳು, ಬಸ್ಸಲ್ಲಿ ಮುರಿಯದೆ ಬೆಂಗಳೂರಿಗೆ ಬಂದ ತೊಡದೇವು ನಾನಂತೂ ನೋಡಿಲ್ಲ.

"ಏನಂತೆ?" ಅಂದ್ರು ಅಪ್ಪ.

ಎರಡು ಬಸ್ಸು ಒಟ್ಟಿಗೆ ಹಾರ್ನ್ ಹೊಡೀತಾ ಇದ್ವು. ಏನಿಲ್ಲ ಬಿಡಿ ಅಂತ ನಾಲಿಗೆ ತುದಿಗೆ ಬಂದಿತ್ತು. ಜೇಬಿಂದ ಮಧ್ಯಾಹ್ನದ ಹೋಟೆಲ್ ಬಿಲ್ ತೆಗೆದು, ಅದರ ಹಿಂದೆ ತೊಡದೇವು ಅಂತ ದೊಡ್ಡದಾಗಿ ಬರೆದು ಕೊಟ್ಟೆ.

ಅವರು ಕನ್ನಡಕ ಏರಿಸಿ ಓದಿ, ಕೋಲು ಹುಡುಕ್ಕೊಂಡು ಎದ್ದು ನಿಂತ್ರು. "ಎರಡು ಕಟ್ಟು ತಗೋಳೋಣ. ಒಂದು ದಾರೀಲೇ ಖಾಲಿ ಆಗುತ್ತೆ."